ಸುರಾಹಿಯ ಕೊರಳಿನ ಗೆರೆ

ಬಗದಲ್‌ನಿಂದ ಬೀದರಿಗೆ ಓಡಾಡಿಕೊಂಡು ಕ್ಯಾಡ್ ಕೆಲಸ ಮಾಡುತ್ತೇನೆ. ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಒಂದು ಬಿದರಿ ಸುರಾಹಿ, ಉದ್ದ ಕೊರಳಿನ ಹೂಜಿ. ಅದನ್ನು ಸ್ಕ್ಯಾನ್ ಮಾಡಿ, ಅದೇ ಆಕಾರದ ಎರಕದ ಪ್ಯಾಟರ್ನಿಗೆ ಬಿದರಿ ವರ್ಕ್‌ಶಾಪೊಂದಕ್ಕೆ ಮಾಡೆಲ್ ಕೊಡಬೇಕಿತ್ತು. ಆಗ ಕಲಿತದ್ದು ಇಷ್ಟು.

1. ಸ್ಕ್ಯಾನಿನಿಂದ ಸಿಗುವ ಎಸ್‌ಟಿಎಲ್ ಫೈಲಿನಲ್ಲಿ ಗುಂಡಗಿನದು ಯಾವುದೂ ಇಲ್ಲ. 1987ರಲ್ಲಿ ತ್ರೀಡಿ ಸಿಸ್ಟಮ್ಸ್‌ನವರು ತಮ್ಮ ಪ್ರಿಂಟಿಂಗ್ ಯಂತ್ರಕ್ಕಾಗಿ ರೂಪಿಸಿದ ಈ ಫೈಲಿನಲ್ಲಿರುವುದು ಬರೀ ಚಪ್ಪಟೆ ತ್ರಿಕೋನಗಳು. 100 ಮಿ.ಮೀ. ವ್ಯಾಸದ ವೃತ್ತವನ್ನು 36 ನೇರ ಗೆರೆಗಳಲ್ಲಿ ಕಟ್ಟಿದರೆ ಪ್ರತಿ ಗೆರೆಯ ನಡುಭಾಗ ಸುಮಾರು 0.19 ಮಿ.ಮೀ. ಒಳಗೆ ಸರಿದಿರುತ್ತದೆ. ತೆರೆಯ ಮೇಲೆ ಅದು ಕಾಣದು, ಪಾಲಿಶ್ ಹಿಡಿದ ಮೇಲೆ ಕಾಣುತ್ತದೆ.

2. ಮಿಲಿಮೀಟರೋ ಇಂಚೋ ಎಂದು ಮೊದಲೇ ಕೇಳಿಕೊಳ್ಳಿ. ಫೈಲ್ ಹೇಳುವುದಿಲ್ಲ. ತಪ್ಪಿದರೆ 25.4 ಪಟ್ಟಿನ ವ್ಯತ್ಯಾಸ.

3. ಕನ್ವರ್ಟ್ ಗುಂಡಿ ಒತ್ತಿದರೆ ಮೈ ನುಣುಪಾಗದು. ಫ್ರೀಕ್ಯಾಡ್‌ನಲ್ಲಿ ಮೆಶ್‌ನಿಂದ, ಅಂದರೆ ಆ ತ್ರಿಕೋನಗಳ ಬಲೆಯಿಂದ, ಶೇಪ್ ಮಾಡಿದರೂ, ರೈನೋದಲ್ಲಿ ಮೆಶ್‌ಟುನರ್ಬ್ ಕೊಟ್ಟರೂ ತ್ರಿಕೋನಕ್ಕೊಂದು ಫೇಸ್ ಹುಟ್ಟುತ್ತದೆ, ಅಷ್ಟೇ. ನಾನು ಹಾಗೆ ಮಾಡಿಯೇ ಸ್ಟೆಪ್ ಫೈಲ್ ಕಳಿಸಿದ್ದೆ. ಎರಡು ಲಕ್ಷ ಫೇಸ್. ವರ್ಕ್‌ಶಾಪಿನ ಕಂಪ್ಯೂಟರ್ ಅದನ್ನು ತೆರೆಯಲೇ ಇಲ್ಲ. ಎರಡು ದಿನದ ಕೆಲಸ ಹೋಯಿತು.

4. ವಸ್ತು ಹುಟ್ಟಿದ ಬಗೆಯನ್ನು ಓದಿ. ಸುರಾಹಿ ಲೇತಿನಲ್ಲಿ ತಿರುಗಿ ರೂಪ ಪಡೆದದ್ದು, ಅದಕ್ಕೊಂದು ಅಕ್ಷವಿದೆ. ಮೆಶ್ಶನ್ನು ಆ ಅಕ್ಷದುದ್ದಕ್ಕೆ ಸೀಳಿ, ಸಿಕ್ಕ ಅಂಚಿನ ಮೇಲೆ ಒಂದೇ ಸ್ಪ್ಲೈನ್ ಎಳೆದು ರಿವಾಲ್ವ್ ಮಾಡಿದೆ. ಎರಡು ಲಕ್ಷ ಫೇಸಿನ ಜಾಗದಲ್ಲಿ ನಾಲ್ಕು ಬಂದವು. ಬಾಯಿಯ ಅಂಚು, ತಳದ ಏಣು ಕಲಾವಿದ ಬೇಕೆಂದೇ ಬಿಟ್ಟದ್ದು. ಅವನ್ನು ಉಜ್ಜಿ ಹಾಳುಮಾಡಬಾರದು. ಅಕ್ಷವೇ ಇಲ್ಲದ ಆಕಾರವಾದರೆ ಮೆಶ್ಶನ್ನು ಚೌಕಗಳಿಗೆ ತಂದು, ಸಬ್‌ಡಿ ಮಾಡಿ, ಆಮೇಲೆ ನರ್ಬ್ಸ್‌ಗೆ ಹೋಗಬೇಕು. ರೈನೋ 7ರಿಂದ ಈ ದಾರಿ ಸುಲಭವಾಗಿದೆ.

5. ಸ್ಪ್ಲೈನಿನಲ್ಲಿ ಬಿಂದು ಕಡಿಮೆಯಿದ್ದಷ್ಟೂ ಗೆರೆ ಚೆಂದ. 1960ರ ದಶಕದಲ್ಲಿ ರೆನೋ ಕಾರ್ಖಾನೆಯ ಪಿಯರ್ ಬೆಜಿಯೆ ಕಾರಿನ ಮೈಗೆ ಬಳಸಿದ ಉಪಾಯವೂ ಇದೇ, ಕೆಲವೇ ಬಿಂದು ಹಿಡಿದು ಇಡೀ ಗೆರೆ ಬಗ್ಗಿಸುವುದು. ನಾನೋ ಸ್ಕ್ಯಾನಿನ ಪ್ರತಿ ತಗ್ಗುದಿಣ್ಣೆಗೂ ಒಂದು ಬಿಂದು ಇಟ್ಟಿದ್ದೆ. ಮೆಶ್ಶಿಗೂ ಸರ್ಫೇಸಿಗೂ ಅಂತರ 0.05 ಮಿ.ಮೀ. ಒಳಗೇ ಇತ್ತು, ಖುಷಿಪಟ್ಟೆ. ಆ ತಗ್ಗುದಿಣ್ಣೆ ಎರಕದ ಮರಳಚ್ಚಿನವು, ಆಕಾರದ್ದಲ್ಲವೆಂದು ಹೊಳೆಯಲಿಲ್ಲ.

6. ಅಂತರ ನೋಡಿದರೆ ಸಾಲದು, ಮೈಮೇಲೆ ಪ್ರತಿಫಲನದಂತೆ ಕಪ್ಪುಬಿಳುಪು ಗೆರೆ ತೋರಿಸುವ ಝೀಬ್ರಾ ಪಟ್ಟಿ ಹಾಕಿ ನೋಡಿ. ಪಟ್ಟಿ ಮುರಿದಲ್ಲಿ ಮೈಯೂ ಮುರಿದಿದೆ. ಬಿದರಿಯಲ್ಲಿ ಇದು ಇನ್ನೂ ಮುಖ್ಯ. ಸತುವು, ತಾಮ್ರದ ಎರಕ ಬೀದರ್ ಕೋಟೆಯ ಮಣ್ಣು, ನವಸಾಗರದಲ್ಲಿ ಕಪ್ಪಾದ ಮೇಲೆ, ಅದರಲ್ಲಿ ಕೂರಿಸಿದ ಬೆಳ್ಳಿ ತಂತಿ ಸಣ್ಣ ಅಲೆಯನ್ನೂ ಎತ್ತಿ ತೋರಿಸುತ್ತದೆ.

ಝೀಬ್ರಾ ನೋಡದೆಯೇ ಪ್ರಿಂಟ್ ತೆಗೆದ ಸುರಾಹಿಯನ್ನು ವರ್ಕ್‌ಶಾಪಿನ ಉಸ್ತಾದರ ಕೈಗೆ ಕೊಟ್ಟೆ. ಕಣ್ಣು ಬೇರೆ ಕಡೆ ಇಟ್ಟು, ಕೊರಳಿನ ಮೇಲೆ ಹೆಬ್ಬೆರಳು ಇಳಿಸಿದರು. ಭುಜಕ್ಕೆ ಸೇರುವಲ್ಲಿ ಬೆರಳು ನಿಂತಿತು. "ಇಲ್ಲಿ ಗಂಟು ಅದ ನೋಡಪ್ಪ" ಎಂದರು. ಮನೆಗೆ ಬಂದು ಝೀಬ್ರಾ ಹಾಕಿದೆ. ಸರಿಯಾಗಿ ಅಲ್ಲೇ ಪಟ್ಟಿ ಕುಲುಕಿತ್ತು. ಅಲ್ಲಿದ್ದ ಮೂರು ಬಿಂದುಗಳಲ್ಲಿ ಎರಡನ್ನು ಅಳಿಸಿದೆ. ಕೊರಳು ಭುಜಕ್ಕೆ ಹರಿದು ಸೇರಿತು.