ಬೆಕ್ಕು ಕುಂಟಿದರೆ ಏನು ಮಾಡಬೇಕು?

ಎತ್ತು ಕುಂಟಿದರೆ ಅವತ್ತೇ ಡಾಕ್ಟರ ಹತ್ತಿರ ಓಡುತ್ತೇವೆ. ಬೆಕ್ಕು ಕುಂಟಿದರೆ ‘ನೆಕ್ಕಿಕೊಂಡು ವಾಸಿ ಮಾಡ್ಕೊಳ್ತದೆ ಬಿಡು’ ಅಂತೇವೆ. ಆದರೆ ನಮ್ಮ ರಾಗಿ ಮೂಟೆ ಇಲಿ ಬಾಯಿಗೆ ಬೀಳದೆ ಉಳಿಯುವುದು ಅದರ ಕಾಲಿನ ಬಲದಿಂದಲೇ. ಕೆಂಗೇರಿ ಸುತ್ತ ಹೊಲಗಳ ನಡುವೆ ಲೇಔಟು ಎದ್ದ ಮೇಲೆ ಅದರ ಪಾದಕ್ಕೆ ಜಾಲಿಮುಳ್ಳಿನ ಜೊತೆ ಗಾಜಿನ ಚೂರು, ತಂತಿಗಳೂ ಗಂಟುಬಿದ್ದಿವೆ.

ನೋಡುವ ಕ್ರಮ: ಬೆಕ್ಕನ್ನು ದಪ್ಪ ಟವೆಲಿನಲ್ಲಿ ಸುತ್ತಿ ಒಬ್ಬರು ಹಿಡಿಯಬೇಕು, ಒಬ್ಬರು ನೋಡಬೇಕು. ಮುಂಗಾಲಿಗೆ 5, ಹಿಂಗಾಲಿಗೆ 4 ಬೆರಳು. ಒಂದೊಂದನ್ನೂ ಮೆಲ್ಲಗೆ ಒತ್ತಿದರೆ ಉಗುರು ಹೊರಗೆ ಬರುತ್ತದೆ. ಬೆರಳ ಸಂದಿಯನ್ನೂ ನೋಡಿ. ಮುದಿ ಬೆಕ್ಕಿಗೆ ಉಗುರು ಬೆಳೆದು, ಬಾಗಿ, ಪಾದದ ಮೆತ್ತೆಗೇ ಚುಚ್ಚಿಕೊಂಡಿರುವುದುಂಟು.

ಊದಿ ಬಿಸಿಯಾಗಿದ್ದರೆ ಇನ್ನೊಂದು ಬೆಕ್ಕು ಕಚ್ಚಿರಬಹುದು. ಬೆಕ್ಕಿನ ಹಲ್ಲು ಸೂಜಿಯಂತೆ. ಮೇಲೆ ಚರ್ಮ ಬೇಗ ಕೂಡಿಕೊಂಡು ಒಳಗೆ ಕೀವು ಕಟ್ಟುತ್ತದೆ. ಹೋದ ಸುಗ್ಗಿಯಲ್ಲಿ ನಮ್ಮ ಬೆಕ್ಕಿಗೆ ಹೊರಗೆ ಕಂಡದ್ದು ಸಾಸಿವೆಯಷ್ಟು ತೂತು. ಡಾಕ್ಟರು ಬಿಡಿಸಿದಾಗ ಒಂದು ಚಮಚ ಕೀವು ಬಂತು.

ಮನೆಯಲ್ಲಿ ಮಾಡಬಹುದಾದದ್ದು: ಅರ್ಧ ಲೀಟರು ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ತೊಳೆಯಿರಿ. ಮೇಲೇ ಕಾಣುವ ಮುಳ್ಳನ್ನು ಚಿಮಟದಲ್ಲಿ ನೇರವಾಗಿ ಎಳೆಯಿರಿ. ಆಳಕ್ಕೆ ಹೋಗಿದ್ದರೆ ಪಿನ್ನು ಹಾಕಿ ಕೆದಕಬೇಡಿ.

ಮಾಡಬಾರದ್ದು: ನಾವು ನುಂಗುವ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಅದರ ಪಿತ್ತಜನಕಾಂಗಕ್ಕಿಲ್ಲ. ಒಂದೇ ಮಾತ್ರೆ ಜೀವ ತೆಗೆದೀತು. ಫಿನಾಯಿಲು, ಡೆಟಾಲು, ಸೀಮೆಎಣ್ಣೆ ಸೋಕಿಸಲೂ ಬೇಡಿ. ಪಾದಕ್ಕೆ ಹಚ್ಚಿದ್ದನ್ನೆಲ್ಲ ಬೆಕ್ಕು ನೆಕ್ಕುತ್ತದೆ. ಹಚ್ಚಿದ್ದು ಹೊಟ್ಟೆಗೇ ಹೋಯಿತು ಅಂತ ತಿಳಿಯಿರಿ.

ಒಂದು ದಿನ ಕಳೆದರೂ ಕಾಲೂರದಿದ್ದರೆ, ಕೀವು ವಾಸನೆ ಬಂದರೆ, ಮೇವು ಬಿಟ್ಟರೆ ಕಾಯಬೇಡಿ. ಮುಚ್ಚಳದ ಬುಟ್ಟಿಯಲ್ಲಿ ಹಳೇ ಬಟ್ಟೆ ಹಾಸಿ, ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಮೂಳೆ ಮುರಿದಂಥ ದೊಡ್ಡ ತೊಂದರೆಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ; 1958ರಲ್ಲಿ ಶುರುವಾದದ್ದು. ಕುಂಟಲು ಶುರುವಾದ ದಿನ, ಕೊಟ್ಟ ಔಷಧಿ, ಹಾಕಿಸಿದ ಲಸಿಕೆ ಚೀಟಿಯಲ್ಲಿ ಬರೆದುಕೊಂಡು ಹೋಗಿ.

ನೋವಾದಾಗ ಸಾಕಿದ ಬೆಕ್ಕೂ ಕಚ್ಚೀತು, ಪರಚೀತು. ಹುಚ್ಚುನಾಯಿ ರೋಗ ಬೆಕ್ಕಿನಿಂದಲೂ ಬರುತ್ತದೆ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಮನುಷ್ಯರ ಆಸ್ಪತ್ರೆಗೆ ಹೋಗಿ. ಬೆಕ್ಕಿಗೂ ವರ್ಷ ವರ್ಷ ಆ ರೋಗದ ಲಸಿಕೆ ಹಾಕಿಸಿಡಿ.