ಬೆಲೆಗೆ ಮೊದಲು ತೂಕ ಕೇಳಬೇಕು

ಶಿಲ್ಪ ಕೊಳ್ಳಲೆಂದು ದಕ್ಷಿಣ ಮುಂಬೈಯಲ್ಲಿ ಬೋರ್ಡು ನೋಡಿಕೊಂಡು ಗ್ಯಾಲರಿ ಹುಡುಕಿದರೆ ಅರ್ಧದಷ್ಟು ತಪ್ಪಿಹೋಗುತ್ತವೆ. ಒಳ್ಳೆಯವು ಹಳೆಯ ಕಟ್ಟಡಗಳ ಮಹಡಿಗಳಲ್ಲಿ ಅಡಗಿವೆ. ಕೆಮೋಲ್ಡ್ ಪ್ರೆಸ್ಕಾಟ್ ರೋಡ್ ಗ್ಯಾಲರಿ ಇರುವುದು ಫೋರ್ಟ್‌ನ ಕ್ವೀನ್ಸ್ ಮ್ಯಾನ್ಷನ್‌ನಲ್ಲಿ, ಮೂರನೇ ಮಹಡಿಯಲ್ಲಿ. ಕೇಕೂ ಮತ್ತು ಖೋರ್ಷೆದ್ ಗಾಂಧಿ ದಂಪತಿ 1963ರಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿಯಲ್ಲಿ ಆರಂಭಿಸಿದ ಈ ಸಂಸ್ಥೆ 2007ರಲ್ಲಿ ಇಲ್ಲಿಗೆ ಬಂತು. ಕೊಲಾಬಾದ ಪ್ರಾಜೆಕ್ಟ್ 88 ಗ್ಯಾಲರಿ ಒಂದು ಕಾಲದಲ್ಲಿ ಮುದ್ರಣಾಲಯವಾಗಿತ್ತು.

ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬಂದವರು ಸಿಎಸ್‌ಎಂಟಿಯಲ್ಲಿ ಇಳಿದು ಫೋರ್ಟ್‌ಗೆ ನಡೆದೇ ಹೋಗಬಹುದು. ವಿಮಾನದಲ್ಲಿ ಬಂದವರಿಗೆ ಮೆಟ್ರೊ 3ನೇ ಮಾರ್ಗದ ಹುತಾತ್ಮ ಚೌಕ್ ನಿಲ್ದಾಣ ಅನುಕೂಲ. ಭಾನುವಾರ ಮಾತ್ರ ಬೇಡ, ಹೆಚ್ಚಿನ ಕಡೆ ಬಾಗಿಲು ಹಾಕಿರುತ್ತದೆ. ಜನವರಿಯ ಗ್ಯಾಲರಿ ವೀಕೆಂಡ್, ನವೆಂಬರಿನ ಆರ್ಟ್ ಮುಂಬೈ ಮೇಳಗಳಲ್ಲಿ ಒಂದೇ ಓಟಕ್ಕೆ ಹತ್ತಾರು ಕಲಾವಿದರ ಕೆಲಸ ಕಾಣುತ್ತದೆ. ಆದರೆ ಕೊಳ್ಳಲೆಂದೇ ಹೊರಟವರು ಆ ಗದ್ದಲ ಮುಗಿದ ಮೇಲೆ ಬರುವುದು ಲೇಸು. ಆಗ ಸಿಬ್ಬಂದಿಗೆ ಮಾತಾಡಲು ಪುರಸೊತ್ತಿರುತ್ತದೆ.

ಕೃತಿಯ ಪಕ್ಕದಲ್ಲಿ ಬೆಲೆ ಬರೆದಿರುವುದಿಲ್ಲ. ಮೇಜಿನ ಬಳಿ ಪಟ್ಟಿ ಕೇಳಬೇಕು. ಸಂಕೋಚ ಬೇಡ, ಅವರು ಕೂತಿರುವುದೇ ಅದಕ್ಕೆ. ಕೆಂಪು ಚುಕ್ಕಿ ಅಂಟಿಸಿದ್ದರೆ ಮಾರಾಟವಾಗಿದೆ ಎಂದರ್ಥ. ಆದರೆ ಕಂಚಿನ ವಿಷಯದಲ್ಲಿ ಅಷ್ಟಕ್ಕೇ ನಿರಾಸೆ ಪಡಬೇಕಾಗಿಲ್ಲ, ಒಂದೇ ಅಚ್ಚಿನಿಂದ ಹಲವು ಎರಕ ತೆಗೆಯುವುದುಂಟು. ಪೀಠದ ಮೇಲೋ ಹಿಂಬದಿಯಲ್ಲೋ ‘3/8’ ಎಂದು ಕೆತ್ತಿದ್ದರೆ ಎಂಟರಲ್ಲಿ ಅದು ಮೂರನೆಯದು. ಇವುಗಳ ಜೊತೆಗೆ ಕಲಾವಿದರು ತಮಗಾಗಿ ಇಟ್ಟುಕೊಳ್ಳುವ ಪ್ರತಿಗಳೂ ಇರುತ್ತವೆ. ಫ್ರಾನ್ಸಿನಲ್ಲಿ ಇವೆಲ್ಲ ಸೇರಿ ಹನ್ನೆರಡು ದಾಟಿದರೆ ಮೂಲಕೃತಿಯ ಪಟ್ಟವೇ ಹೋಗುತ್ತದೆ. ಒಟ್ಟು ಎಷ್ಟು ಎರಕ, ಎಲ್ಲಿ ಎರೆದದ್ದು ಎಂಬುದು ಗ್ಯಾಲರಿ ಕೊಡುವ ಪ್ರಮಾಣಪತ್ರದಲ್ಲೇ ಬರೆದಿರಬೇಕು. ಬಾಯಿಮಾತು ಸಾಲದು.

ಹೊಸಬರು ಮರೆಯುವುದು ತೂಕವನ್ನು. ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕಿಲೋ ತೂಗುತ್ತದೆ. ಮನೆಯ ಕೋಣೆಗಳ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಲೆಕ್ಕದಲ್ಲಿ ಕಟ್ಟಿರುತ್ತಾರೆ. ಲಿಫ್ಟಿನ ಬಾಗಿಲು, ಮೆಟ್ಟಿಲಿನ ತಿರುವು ಅಳೆದುಕೊಂಡು ಬಂದವರು ಬುದ್ಧಿವಂತರು. ಮಂಗಳೂರು, ಕಾರವಾರದ ಕಡಲಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಕಂಚಿಗೂ ಹಸಿರು ಏರುತ್ತದೆ. ಬಣ್ಣ ಬಳಿದ ಫೈಬರ್‌ಗ್ಲಾಸ್ ಬಿಸಿಲಿಗೆ ಮಂಕಾಗುತ್ತದೆ.

ಇನ್ನು ಚಲಿಸುವ ಶಿಲ್ಪಗಳ ಕಥೆಯೇ ಬೇರೆ. ಮಂಗಳೂರಿನಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳೆದ ಸುದರ್ಶನ ಶೆಟ್ಟಿಯವರ ಕೆಲವು ಕೃತಿಗಳಲ್ಲಿ ಯಂತ್ರವೇ ಜೀವಾಳ. ಇಂಥದ್ದನ್ನು ಕೊಳ್ಳುವವರು, ಮೋಟಾರು ಕೆಟ್ಟರೆ ರಿಪೇರಿ ಯಾರದು, ಬದಲಿ ಭಾಗ ಹಾಕಲು ಕಲಾವಿದರ ಒಪ್ಪಿಗೆ ಬೇಕೇ ಎಂದು ಕೇಳಿ ಬರೆಸಿಕೊಳ್ಳಬೇಕು.

ಮೂಲ ಶಿಲ್ಪಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಹೇಳಿದ ಬೆಲೆಯಲ್ಲಿ ತೆರಿಗೆ, ಪ್ಯಾಕಿಂಗ್, ಸಾಗಣೆ, ವಿಮೆ ಸೇರಿದೆಯೇ ಎಂಬುದನ್ನು ಮುಂಗಡ ಕೊಡುವ ಮುನ್ನ ವಿಚಾರಿಸುವುದು ಒಳ್ಳೆಯದು. ಶಿಲ್ಪ ಮನೆಗೆ ಬಂದ ಮರದ ಪೆಟ್ಟಿಗೆಯನ್ನು ಗುಜರಿಗೆ ಹಾಕಬಾರದು. ಮನೆ ಬದಲಿಸುವಾಗ ಅಂಥದ್ದನ್ನು ಅಳತೆಗೆ ಸರಿಯಾಗಿ ಮತ್ತೆ ಮಾಡಿಸುವುದು ದುಬಾರಿ.