ತಂಗಾಳಿ ಎಲ್ಲ ಮನೆಗೂ ಒಟ್ಟಿಗೆ ಬರುವುದಿಲ್ಲ

ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಲಿಕ್ಕೋ ಡಿಸೆಂಬರ್-ಜನವರಿಯಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟಿದ್ದೀರಾ? ಅಲ್ಲಿ ಆಗ ನಡುಬೇಸಿಗೆ. ಒಳನಾಡಿನ ಮರುಭೂಮಿಯಿಂದ ಬಿಸಿಗಾಳಿ ಎರಡು ಮೂರು ದಿನ ಬೀಸಿ, ಆಮೇಲೆ ದಕ್ಷಿಣದ ಕಡಲಿನಿಂದ ತಂಪುಗಾಳಿ ನುಗ್ಗುತ್ತದೆ. ಅಲ್ಲಿನವರು ಇದನ್ನು ‘ಕೂಲ್ ಚೇಂಜ್’ ಎನ್ನುತ್ತಾರೆ. ಸಿಡ್ನಿ ಕರಾವಳಿಯಲ್ಲಿ ಅದೇ ರಭಸದಿಂದ ಬಂದರೆ ‘ಸದರ್ಲಿ ಬಸ್ಟರ್’. ಕೆಲವೇ ನಿಮಿಷಗಳಲ್ಲಿ ಉಷ್ಣಾಂಶ 10-15 ಡಿಗ್ರಿ ಇಳಿಯುವುದೂ ಉಂಟು.

ಆದರೆ ಆ ತಂಪು ನಿಮ್ಮ ಬಡಾವಣೆಗೆ ಯಾವಾಗ ಬರುತ್ತದೆ ಎನ್ನುವುದೇ ಮುಖ್ಯ. ಸುರತ್ಕಲ್ಲಿನಲ್ಲಿ ಮಧ್ಯಾಹ್ನ ಕಡಲಗಾಳಿ ಬೀಸುವಾಗ ಪುತ್ತೂರಿನವರು ಬೆವರುತ್ತಲೇ ಇರುತ್ತಾರಲ್ಲ, ಹಾಗೆಯೇ ಇದು. ಸಿಡ್ನಿಯಲ್ಲಿ ಭಾರತೀಯರು ಹೆಚ್ಚಾಗಿ ನೆಲೆಸಿರುವ ಪ್ಯಾರಮಟ್ಟಾ, ಬ್ಲ್ಯಾಕ್‌ಟೌನ್ ಕಡಲಿನಿಂದ ದೂರ. ಸಿಡ್ನಿ ನಗರದಿಂದ ಸುಮಾರು 50 ಕಿ.ಮೀ. ಪಶ್ಚಿಮಕ್ಕಿರುವ ಪೆನ್ರಿತ್‌ನಲ್ಲಿ 2020ರ ಜನವರಿ 4ರಂದು 48.9 ಡಿಗ್ರಿ ದಾಖಲಾಗಿತ್ತು.

ಮೊದಲು ನಿಮ್ಮೂರಿನ ಅಂಕಿ ನೋಡಿ. ಟಿವಿಯಲ್ಲಿ ಹೇಳುವುದು ಸಾಮಾನ್ಯವಾಗಿ ನಗರದ ಲೆಕ್ಕ. ಅಲ್ಲಿನ ಹವಾಮಾನ ಇಲಾಖೆಯ ಆ್ಯಪ್‌ನಲ್ಲಿ ಮನೆಗೆ ಹತ್ತಿರದ ಕೇಂದ್ರವನ್ನು ಮಕ್ಕಳಿಂದ ಗುರುತು ಮಾಡಿಸಿಕೊಳ್ಳಿ. ಮೆಲ್ಬರ್ನ್‌ನಲ್ಲಿದ್ದರೆ ಜಿಲಾಂಗ್, ಸಿಡ್ನಿಯಲ್ಲಿದ್ದರೆ ವುಲಂಗಾಂಗ್ ಮೇಲೆ ಕಣ್ಣಿಡಿ. ಗಾಳಿ ಸಾಮಾನ್ಯವಾಗಿ ಅಲ್ಲಿಗೆ ಮೊದಲು ಮುಟ್ಟುತ್ತದೆ.

ಕಿಟಕಿ ತೆರೆಯಲು ಅವಸರ ಬೇಡ. ಸೆಕೆಯಾದರೆ ಕಿಟಕಿ ತೆರೆಯುವುದು ನಮ್ಮ ಕೈಗೆ ಅಂಟಿದ ಅಭ್ಯಾಸ. ಅಲ್ಲಿ ಬಿಸಿಗಾಳಿಯ ದಿನ ಬೆಳಿಗ್ಗೆಯೇ ಕಿಟಕಿ ಮುಚ್ಚಿ, ಪರದೆ ಎಳೆಯಬೇಕು. ಗಾಳಿ ತಿರುಗಿದ ಮೇಲೂ, ಒಳಗಿಗಿಂತ ಹೊರಗೆ ತಂಪಾಗಿದೆ ಎಂದು ಖಚಿತವಾದ ನಂತರವೇ ತೆರೆಯಿರಿ. ಥರ್ಮಾಮೀಟರ್ ಒಂದು ಒಳಗೆ, ಒಂದು ಹೊರಗೆ ನೆರಳಿನಲ್ಲಿ ಇಟ್ಟರೆ ಊಹೆಯ ಮಾತೇ ಇಲ್ಲ. ದಕ್ಷಿಣದ ಕಿಟಕಿಯ ಜೊತೆ ಅದರ ಎದುರಿನದನ್ನೂ ತೆರೆದರೆ ಗಾಳಿ ಹಾದುಹೋಗುತ್ತದೆ. ಹೊಗೆ ವಾಸನೆ ಬಂದರೆ ಮಾತ್ರ ಎಲ್ಲವೂ ಮುಚ್ಚಿರಲಿ.

ಅಂಗಳದಲ್ಲಿ ಶಾಲು ಬೇಕೆನಿಸಿದರೂ ಮೂರು ದಿನ ಕಾದ ಇಟ್ಟಿಗೆ ಗೋಡೆ ರಾತ್ರಿಯಿಡೀ ಬಿಸಿ ಬಿಡುತ್ತಲೇ ಇರುತ್ತದೆ. ಅಪಾಯ ಕಳೆಯಿತು ಎಂದುಕೊಂಡು ನೀರು ಕುಡಿಯುವುದನ್ನು ಬಿಡಬೇಡಿ. ಮಜ್ಜಿಗೆ, ನಿಂಬೆ ಪಾನಕ ಆದೀತು. ಬಿ.ಪಿ., ಹೃದಯದ ಮಾತ್ರೆ ನುಂಗುವವರು ಎಷ್ಟು ನೀರು ಕುಡಿಯಬೇಕೆಂದು ಹೊರಡುವ ಮುನ್ನವೇ ವೈದ್ಯರನ್ನು ಕೇಳಿಕೊಳ್ಳಿ. ಮಾತು ತೊದಲಿದರೆ, ಗೊಂದಲವಾದರೆ, ಮೈ ಸುಡುತ್ತಿದ್ದರೆ 000ಗೆ ಕರೆ ಮಾಡಿ; ಆಂಬುಲೆನ್ಸ್ ಬರುವವರೆಗೆ ಒದ್ದೆ ಬಟ್ಟೆಯಿಂದ ಮೈ ತಂಪು ಮಾಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ. 2009ರ ಜನವರಿ ಕೊನೆಯ ಬಿಸಿ ಅಲೆಯಲ್ಲಿ ವಿಕ್ಟೋರಿಯಾ ರಾಜ್ಯದಲ್ಲಿ ಸಾಮಾನ್ಯಕ್ಕಿಂತ 374 ಸಾವು ಹೆಚ್ಚಾದವು. ಹೆಚ್ಚಿನವರು ನಮ್ಮ-ನಿಮ್ಮ ವಯಸ್ಸಿನ ಹಿರಿಯರೇ.

ಕಾಡಿನಂಚಿನ ಮನೆಯಾದರೆ ತಂಪುಗಾಳಿಯೇ ಶತ್ರುವಾಗಬಹುದು. ಅದೇ ವರ್ಷ ಫೆಬ್ರುವರಿ 7ರಂದು ಮೆಲ್ಬರ್ನ್‌ನಲ್ಲಿ 46.4 ಡಿಗ್ರಿ. ಸಂಜೆ ಗಾಳಿ ದಿಕ್ಕು ಬದಲಿಸಿದಾಗ ಕಾಳ್ಗಿಚ್ಚಿನ ಉದ್ದನೆಯ ಪಕ್ಕೆಯೇ ಮುಂಭಾಗವಾಗಿ ತಿರುಗಿ ಊರುಗಳತ್ತ ನುಗ್ಗಿತು. ಆ ದಿನದ ಬೆಂಕಿಗೆ ಬಲಿಯಾದವರು 173 ಮಂದಿ. ಹಾಗಾಗಿ ಅತಿ ಅಪಾಯದ ಬೆಂಕಿ ಎಚ್ಚರಿಕೆ ಇರುವ ದಿನ ಬೆಳಿಗ್ಗೆಯೇ ಅಲ್ಲಿಂದ ಹೊರಟುಬಿಡಿ. ಗಾಳಿ ತಿರುಗಲಿ ಎಂದು ಕಾಯಬೇಡಿ. ವಿಕ್ಟೋರಿಯಾದಲ್ಲಿ ‘ವಿಕ್ ಎಮರ್ಜೆನ್ಸಿ’, ಸಿಡ್ನಿ ಕಡೆ ‘ಹಜಾರ್ಡ್ಸ್ ನಿಯರ್ ಮಿ’ ಆ್ಯಪ್ ಫೋನಿನಲ್ಲಿರಲಿ.

ಕಡಲತೀರಕ್ಕೆ ಹೋದರೆ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಿರಿ. ದಕ್ಷಿಣದಲ್ಲಿ ಮೋಡದ ಸುರುಳಿ ಕಂಡರೆ ಮಕ್ಕಳನ್ನು ದಡಕ್ಕೆ ಕರೆದು ಕೊಡೆ ಮಡಚಿ.

ಮಲಗುವ ಮುನ್ನ ಮಹಡಿ ಕೋಣೆಯ ಗೋಡೆಗೆ ಅಂಗೈ ಒತ್ತಿ ನೋಡಿ. ಇನ್ನೂ ಬೆಚ್ಚಗಿದ್ದರೆ ಕೂಸಿನ ಹಾಸಿಗೆಯನ್ನೂ ನಿಮ್ಮದನ್ನೂ ಆ ರಾತ್ರಿ ಕೆಳಗೇ ಹಾಸಿಕೊಳ್ಳಿ.